ಪಾಷಾಣದ ಗುರುತು ಹಿಡಿದ ಜೇಮ್ಸ್ ಮಾರ್ಷ್

ನಮ್ಮ ಶಾಲೆಯಲ್ಲಿ ಹತ್ತನೇ ತರಗತಿ ಓದಿದವರಿಗೆಲ್ಲ ಒಂದು ಪ್ರಯೋಗ ನೆನಪಿರಬೇಕು. ಪ್ರನಾಳದಲ್ಲಿ ಸತುವಿನ ಚೂರುಗಳು, ಮೇಲೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಗುಳ್ಳೆ ಎದ್ದ ಮೇಲೆ ಉರಿಯುವ ಕಡ್ಡಿ ಹಿಡಿದರೆ ಪಟ್ ಎಂಬ ಸದ್ದು. ಇದೇ ಪ್ರಯೋಗದಿಂದ ಕೊಲೆಯ ಗುಟ್ಟು ಬಯಲು ಮಾಡುವ ದಾರಿ ಕಂಡುಕೊಂಡವರು ಇಂಗ್ಲೆಂಡಿನ ಜೇಮ್ಸ್ ಮಾರ್ಷ್.

1794ರಲ್ಲಿ ಹುಟ್ಟಿದ ಮಾರ್ಷ್, ಲಂಡನ್ ಬಳಿಯ ವುಲಿಚ್‌ನಲ್ಲಿದ್ದ ಸರ್ಕಾರಿ ಮದ್ದುಗುಂಡು ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. ಅದೇ ಊರಿನ ಸೈನಿಕ ಅಕಾಡೆಮಿಗೆ ಮೈಕೇಲ್ ಫ್ಯಾರಡೆ ಪಾಠ ಮಾಡಲು ಬರುತ್ತಿದ್ದರು. ಮಾರ್ಷ್ ಅವರ ಸಹಾಯಕ. ಫ್ಯಾರಡೆಯ ಹೆಸರನ್ನು ನಮ್ಮ ಮಕ್ಕಳೆಲ್ಲ ಬಲ್ಲರು, ಸಹಾಯಕನ ಹೆಸರು ಕೇಳಿದವರು ಕಡಿಮೆ.

1830ರ ದಶಕದ ಆರಂಭದಲ್ಲಿ, ಪಕ್ಕದ ಪ್ಲಮ್‌ಸ್ಟೆಡ್‌ನಲ್ಲಿ ಜಾರ್ಜ್ ಬೋಡ್ಲ್ ಎಂಬ ಮುದುಕ ಜಮೀನುದಾರ ಬೆಳಗಿನ ಕಾಫಿ ಕುಡಿದು ಕಾಯಿಲೆ ಬಿದ್ದು ಸತ್ತ. ಅನುಮಾನ ಮೊಮ್ಮಗ ಜಾನ್ ಮೇಲೆ. ಆಗ ಇಲಿ ಪಾಷಾಣ, ಅಂದರೆ ಬಿಳಿ ಆರ್ಸೆನಿಕ್, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ನೋಡಲು ಹಿಟ್ಟಿನಂತೆ, ವಾಸನೆಯಿಲ್ಲ. ತಿಂದವನಿಗೆ ವಾಂತಿಭೇದಿಯಾದರೆ ಕಾಲರಾ ಎಂದುಕೊಂಡು ಮಣ್ಣು ಮಾಡಿಬಿಡುವುದೂ ಇತ್ತು. ಕಾಫಿಯನ್ನು ಪರೀಕ್ಷಿಸುವ ಕೆಲಸ ಮಾರ್ಷ್ ಅವರಿಗೆ ಬಂತು. ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸಿದಾಗ ಹಳದಿ ಪ್ರಕ್ಷೇಪ ಕಾಣಿಸಿತು. ಪಾಷಾಣ ಇದ್ದದ್ದು ಅವರಿಗೆ ಖಚಿತವಾಯಿತು. ಆದರೆ ನ್ಯಾಯಾಲಯಕ್ಕೆ ಒಯ್ಯುವಷ್ಟರಲ್ಲಿ ಅದು ಕೆಟ್ಟುಹೋಗಿತ್ತು. ಕಣ್ಣಿಗೆ ಕಾಣದ್ದನ್ನು ಜ್ಯೂರಿಯವರು ನಂಬಲಿಲ್ಲ, ಜಾನ್ ಬಿಡುಗಡೆಯಾದ. ವಿಷ ಹಾಕಿದ್ದು ತಾನೇ ಎಂದು ಅವನು ಒಪ್ಪಿಕೊಂಡದ್ದು ಎಷ್ಟೋ ಕಾಲದ ಮೇಲೆ.

ಈ ಸೋಲು ಮಾರ್ಷ್ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. 1836ರಲ್ಲಿ ಅವರು ಹೊಸ ಪರೀಕ್ಷೆಯನ್ನು ಪ್ರಕಟಿಸಿದರು. ಅನುಮಾನದ ಪದಾರ್ಥವನ್ನು ಸತು ಮತ್ತು ಆಮ್ಲದ ಜೊತೆ ಹಾಕಬೇಕು. ಆರ್ಸೆನಿಕ್ ಇದ್ದರೆ ಅದು ಹೈಡ್ರೋಜನ್ನಿನೊಡನೆ ಕೂಡಿ ಆರ್ಸೀನ್ ಅನಿಲವಾಗಿ ಹೊರಬರುತ್ತದೆ. ಅದನ್ನು ಸಣ್ಣ ಮೂತಿಯಲ್ಲಿ ಉರಿಸಿ, ಜ್ವಾಲೆಗೆ ತಣ್ಣನೆಯ ಪಿಂಗಾಣಿ ಚೂರು ಹಿಡಿದರೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆ ಕೂರುತ್ತದೆ. ಒಂದು ಮಿಲಿಗ್ರಾಮಿನ 1/50 ಭಾಗದಷ್ಟು ಆರ್ಸೆನಿಕ್ ಇದ್ದರೂ ಸಾಕು. ಈ ಸಲ ಸಾಕ್ಷ್ಯವನ್ನು ಜೋಪಾನವಾಗಿ ಎತ್ತಿಟ್ಟು ಜ್ಯೂರಿಯ ಮುಂದೆ ಇಡಬಹುದಿತ್ತು.

ಆದರೆ ಇದರಲ್ಲೂ ತೊಡಕಿತ್ತು. ಸತುವಿನಲ್ಲೇ ಆರ್ಸೆನಿಕ್ ಬೆರೆತಿದ್ದರೆ ನಿರಪರಾಧಿಯ ಕುತ್ತಿಗೆಗೆ ಬರುತ್ತಿತ್ತು. ಹಾಗಾಗಿ ಮೊದಲು ಬರೀ ಸತು, ಆಮ್ಲ ಹಾಕಿ, ಕಲೆ ಬರುವುದಿಲ್ಲವೆಂದು ನೋಡಿಕೊಳ್ಳಬೇಕು. (ನಮ್ಮ ವಿದ್ಯಾರ್ಥಿಗಳು ಹಾರಿಸಿಬಿಡುವ ಹಂತವೂ ಇಂಥದ್ದೇ!) ಆಂಟಿಮನಿಯೂ ಇಂಥದೇ ಕಲೆ ಕೊಡುತ್ತದೆ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಆರ್ಸೆನಿಕ್ ಕಲೆ ಕರಗುತ್ತದೆ, ಆಂಟಿಮನಿಯದು ಕರಗುವುದಿಲ್ಲ.

1840ರಲ್ಲಿ ಫ್ರಾನ್ಸಿನ ಟ್ಯೂಲ್ ಪಟ್ಟಣದಲ್ಲಿ, ಗಂಡನಿಗೆ ವಿಷವಿಕ್ಕಿದ ಆರೋಪದ ಮೇಲೆ ಮೇರಿ ಲಫಾರ್ಜ್ ವಿಚಾರಣೆ ನಡೆಯಿತು. ಸ್ಥಳೀಯ ತಜ್ಞರು ಇದೇ ಪರೀಕ್ಷೆ ಮಾಡಿ ಶವದಲ್ಲಿ ಪಾಷಾಣವಿಲ್ಲ ಎಂದರು. ಪ್ಯಾರಿಸ್ಸಿನಿಂದ ಬಂದ ಹೆಸರಾಂತ ವಿಷತಜ್ಞ ಓರ್ಫಿಲಾ ಮತ್ತೆ ಮಾಡಿದಾಗ ಸಿಕ್ಕಿತು. ಆಕೆಗೆ ಜೀವಾವಧಿ ಶಿಕ್ಷೆಯಾಯಿತು, ಮಾರ್ಷ್ ಪರೀಕ್ಷೆಯ ಹೆಸರು ಯುರೋಪಿನಲ್ಲೆಲ್ಲ ಹಬ್ಬಿತು.

ಲಂಡನ್ನಿನ ಕಲಾ ಸಂಘ ಮಾರ್ಷ್ ಅವರಿಗೆ ಚಿನ್ನದ ಪದಕ ಕೊಟ್ಟು ಗೌರವಿಸಿತ್ತು. 1846ರಲ್ಲಿ ಅವರು ತೀರಿಕೊಂಡಾಗ ಹೆಂಡತಿ ಮಕ್ಕಳ ಪಾಲಿಗೆ ಉಳಿದದ್ದು ಬಡತನ.