ಕಡಿಮೆಯಲ್ಲಿ ಬದುಕಿ ದೊಡ್ಡವರಾದ ಹರ್ಡೇಕರ ಮಂಜಪ್ಪನವರು

ನಮ್ಮ ತುಬಚಿಯ ಮಗ್ಗುಲಲ್ಲಿ ಹರಿಯುವ ಕೃಷ್ಣಾ ನದಿ ಮುಂದೆ ಆಲಮಟ್ಟಿಗೆ ಹೋಗಿ ಮುಟ್ಟುತ್ತದೆ. ಆಲಮಟ್ಟಿ ಅಂದಕೂಡಲೇ ಈಗ ನಮಗೆಲ್ಲ ಆಣೆಕಟ್ಟು, ಹಿನ್ನೀರು, ಮುಳುಗಡೆ ಇವೇ ನೆನಪಾಗುತ್ತವೆ. ಆದರೆ 1964ರಲ್ಲಿ ಆ ಆಣೆಕಟ್ಟಿಗೆ ಅಡಿಗಲ್ಲು ಬೀಳುವುದಕ್ಕಿಂತ ಎಷ್ಟೋ ಮೊದಲೇ ಆ ಊರಿನ ಹೆಸರನ್ನು ನಾಡಿಗೆಲ್ಲ ತಿಳಿಸಿದವರು ಒಬ್ಬರಿದ್ದರು. ಅವರೇ 'ಕರ್ನಾಟಕದ ಗಾಂಧಿ' ಎಂದು ಜನ ಕರೆದ ಹರ್ಡೇಕರ ಮಂಜಪ್ಪನವರು. ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಅವರನ್ನು ನೆನೆಯುವುದು ಉಚಿತವಾಗಿದೆ. ಯಾಕಂದರೆ ಸಾಲ, ಖರ್ಚು, ಸಮಾಧಾನ ಈ ಮೂರರ ಲೆಕ್ಕವನ್ನು ಅವರ ಬದುಕು ನಮಗೆ ಕಲಿಸುತ್ತದೆ.

ಮಂಜಪ್ಪನವರು 1886ನೇ ಇಸವಿ ಫೆಬ್ರುವರಿ 18ರಂದು ಬನವಾಸಿಯ ಒಂದು ಬಡ ಮನೆತನದಲ್ಲಿ ಹುಟ್ಟಿದರು. ಮುಲ್ಕಿ ಪರೀಕ್ಷೆ ಪಾಸಾಗಿ ಶಿರಸಿಯಲ್ಲಿ ಮಾಸ್ತರರಾದರು. ಬಡವರ ಮನೆಯ ಹುಡುಗನಿಗೆ ಮಾಸ್ತರಕಿ ಅಂದರೆ ಆ ಕಾಲಕ್ಕೆ ದೊಡ್ಡ ಆಧಾರ. ಆದರೆ 1905ರಲ್ಲಿ ಬಂಗಾಲದ ವಿಭಜನೆಯಾಗಿ ಸ್ವದೇಶಿ ಚಳುವಳಿಯ ಗಾಳಿ ಎಲ್ಲ ಕಡೆ ಬೀಸಿತು. ಮಂಜಪ್ಪನವರು ನೌಕರಿ ಬಿಟ್ಟರು. ದಾವಣಗೆರೆಗೆ ಹೋಗಿ ಅಣ್ಣನೊಂದಿಗೆ ಸೇರಿ 1906ರಲ್ಲಿ 'ಧನುರ್ಧಾರಿ' ಪತ್ರಿಕೆ ಶುರು ಮಾಡಿದರು. ಆಗ ಅವರಿಗೆ ಬರೀ ಇಪ್ಪತ್ತು ವರ್ಷ. ಪಗಾರ ಬಿಟ್ಟು ಪತ್ರಿಕೆ ಹಿಡಿಯುವುದೆಂದರೆ ಆಗಿನ ಕಾಲಕ್ಕೆ ಕೈಯಲ್ಲಿದ್ದ ರೊಟ್ಟಿ ಇಟ್ಟು ಬರಿಗೈಲಿ ಹೊರಟಂತೆ.

ಅದೇ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. ಒಬ್ಬರು ರೈತನಿಗೆ ಸಾಹುಕಾರನ ಬಡ್ಡಿ ತಪ್ಪಿಸುವ ದಾರಿ ಹಿಡಿದರು. ಇನ್ನೊಬ್ಬರು ಸಾಲದ ಅವಶ್ಯಕತೆಯನ್ನೇ ಕಡಿಮೆ ಮಾಡುವ ಬಾಳ್ವೆ ತೋರಿಸಿದರು. ಎರಡೂ ಒಂದೇ ಗಾಡಿಯ ಎರಡು ಗಾಲಿಗಳು.

ಮಂಜಪ್ಪನವರು ಮದುವೆಯಾಗಲಿಲ್ಲ. ಖಾದಿ ಉಟ್ಟರು, ನೂಲು ತೆಗೆದರು, ಸಾದಾ ಊಟ ಉಂಡರು. ಇವತ್ತು ನಾವು ಎತ್ತಿನ ಮೆರವಣಿಗೆ ತೆಗೆದು ಸಂಭ್ರಮದಿಂದ ಮಾಡುವ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ 1913ರಲ್ಲಿ ದಾವಣಗೆರೆಯಲ್ಲಿ ಆರಂಭಿಸಿದವರು ಇವರು ಮತ್ತು ಮೃತ್ಯುಂಜಯ ಸ್ವಾಮಿಗಳು. ಬಸವಣ್ಣನವರ ಕಾಯಕ ಮತ್ತು ಗಾಂಧೀಜಿಯವರ ಚರಕ ಬೇರೆ ಬೇರೆ ಅಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ಸಾಬರಮತಿ ಆಶ್ರಮಕ್ಕೆ ಹೋಗಿ ಬಂದು ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ಆಶ್ರಮ ಕಟ್ಟಿದರು. 1927ರಲ್ಲಿ ಆಲಮಟ್ಟಿಗೆ ಬಂದು ವಿದ್ಯಾಲಯ ತೆರೆದರು. ಅಲ್ಲಿ ಹುಡುಗರಿಗೆ ಪಾಠದ ಜೊತೆಗೆ ಮೈಮುರಿದು ದುಡಿಯುವುದನ್ನೂ ಕಲಿಸಿದರು. 'ಉದ್ಯೋಗ' ಎಂಬ ಹೆಸರಿನ ಪತ್ರಿಕೆಯನ್ನೂ ನಡೆಸಿದರು.

ಅವರು ಆಲಮಟ್ಟಿಯಲ್ಲಿದ್ದ ಇಪ್ಪತ್ತು ವರ್ಷಗಳು ಸುಖದ ವರ್ಷಗಳಲ್ಲ. 1929ರಲ್ಲಿ ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಂದು ಜೋಳ, ಹತ್ತಿಯ ಧಾರಣಿ ನೆಲ ಕಚ್ಚಿತು. ಮಾಲಿನ ರೇಟು ಇಳಿಯಿತೇ ಹೊರತು ಸಾಹುಕಾರನ ಬಡ್ಡಿ ಇಳಿಯಲಿಲ್ಲ. ಆಮೇಲೆ ಎರಡನೇ ಮಹಾಯುದ್ಧ ಬಂತು. ಅರಿವೆ, ಚಿಮಣಿ ಎಣ್ಣೆ ಸಿಗದಾದವು. 1942-43ರಲ್ಲಿ ವಿಜಾಪುರ ಜಿಲ್ಲೆಗೆ ಘೋರ ಬರ ಬಿತ್ತು. ಇಂಥ ಕಾಲದಲ್ಲಿ ತನ್ನ ಅರಿವೆಗೆ ತಾನೇ ನೂಲು ತೆಗೆಯುವವನಿಗೂ, ಪೇಟೆಯನ್ನೇ ನಂಬಿದವನಿಗೂ ಎಷ್ಟು ಅಂತರವೆಂಬುದು ಜನರ ಕಣ್ಣಿಗೆ ಬಿತ್ತು. ಮಂಜಪ್ಪನವರು ತುಟ್ಟಿ ಕಾಲಕ್ಕೆ ಅಂಜಿ ಸರಳರಾದವರಲ್ಲ. ಬೇಕುಗಳನ್ನು ಮೊದಲೇ ಕಡಿಮೆ ಮಾಡಿಕೊಂಡಿದ್ದರು. ಅದರಿಂದ ಕಳಕೊಳ್ಳುವ ಹೆದರಿಕೆ ಅವರಿಗೆ ಇರಲಿಲ್ಲ. ತಮಗೆಂದು ಕೂಡಿಡದೆ, ದುಡಿಮೆಯನ್ನೆಲ್ಲ ಪತ್ರಿಕೆಗೆ, ಪುಸ್ತಕಗಳಿಗೆ, ವಿದ್ಯಾಲಯಕ್ಕೆ ಹಾಕಿದರು. ಸ್ವಾತಂತ್ರ್ಯ ಬರಲು ಏಳೇ ತಿಂಗಳು ಉಳಿದಿರುವಾಗ, 1947ರ ಜನವರಿ 3ರಂದು ತೀರಿಕೊಂಡರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಸರಳತೆ ಬೇರೆ, ಬಡತನ ಬೇರೆ. ಹಸಿದವನಿಗೆ ಸರಳವಾಗಿರು ಎಂದು ಹೇಳುವುದು ಧರ್ಮವಲ್ಲ. ಅವನಿಗೆ ಬೀಜ, ಗೊಬ್ಬರ, ಪತ್ತು ಸಿಗಬೇಕು. ಅದಕ್ಕೇ ಸಂಘ ಇರುವುದು. ಜಿಪುಣತನವೂ ಸರಳತೆಯಲ್ಲ. ಜಿಪುಣ ಉಳಿಸಿದ್ದನ್ನು ಪೆಟ್ಟಿಗೆಗೆ ಹಾಕುತ್ತಾನೆ, ಮಂಜಪ್ಪನವರು ಉಳಿಸಿದ್ದನ್ನು ನಾಲ್ಕು ಜನರಿಗೆ ಹಾಕಿದರು.

ಈಗ ನಮ್ಮ ಭಾಗಕ್ಕೆ ನೀರು ಬಂದಿದೆ, ಕಬ್ಬು ಬಂದಿದೆ. ಆದರೂ ಎಷ್ಟೋ ಮನೆಗಳಲ್ಲಿ ಕಬ್ಬಿನ ಬಿಲ್ಲು ಬರುವುದರೊಳಗೆ ಅದು ಖರ್ಚಾಗಿರುತ್ತದೆ. ಬಾವಿಗೆ, ಎತ್ತಿಗೆ ಮಾಡಿದ ಸಾಲ ಹೊಲದಲ್ಲಿ ದುಡಿದು ತಾನೇ ತೀರುತ್ತದೆ. ಲಗ್ನದ ಪೆಂಡಾಲಿಗೆ ಮಾಡಿದ ಸಾಲ ಮರುದಿನವೇ ಬಿಚ್ಚಿ ಹೋಗುತ್ತದೆ, ಬಡ್ಡಿ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಮಂದಿ ಏನಂದಾರು ಎಂಬ ಅಂಜಿಕೆಗೆ ನಾವು ಕಟ್ಟುವ ಬಡ್ಡಿಯೇ ಎಲ್ಲಕ್ಕಿಂತ ತುಟ್ಟಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಯಾರ ಬಾಕಿಯೂ ಇಲ್ಲದೆ ರಾತ್ರಿ ಮಲಗುವುದು ಒಂದು ಸುಖ. ಅದನ್ನು ಯಾವ ಪೇಟೆಯಲ್ಲೂ ಮಾರುವುದಿಲ್ಲ.

ಎಲ್ಲರೂ ಮಂಜಪ್ಪನವರಂತೆ ಆಗಲಿಕ್ಕೆ ಆಗದು. ಆದರೆ ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ, ಇದು ದುಡಿಯುವ ಸಾಲವೋ ತೋರಿಕೆಯ ಸಾಲವೋ ಎಂದು ಮನೆಯವರೆಲ್ಲ ಕೂತು ಒಂದು ಮಾತು ಆಡುವುದು ನಮ್ಮೆಲ್ಲರಿಂದ ಆಗುವ ಕೆಲಸ. ಸದಸ್ಯ ಬಾಂಧವರು ಅಷ್ಟು ಮಾಡಿದರೆ ಸಂಘವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.