ಏಳು ತಂತಿಗಳ ನಾದಯೋಗಿ

ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನವನ್ನು ಕಂಡವರು ಅನೇಕರು. ಆ ವಿದ್ವಾಂಸರ ವಾದನವನ್ನು ಕೇಳಿದವರು ಮಾತ್ರ ಇಂದು ವಿರಳ.

ಕಾವೇರಿ–ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಟಿ. ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ದೀರ್ಘಕಾಲ ಶಿಷ್ಯವೃತ್ತಿ ಮಾಡಿದರು. ಗುರುಗಳು ಗಾಯಕರು, ಶಿಷ್ಯರ ಕಮಾನು ಹಾಡುವುದನ್ನು ಕಲಿತದ್ದು ಅಲ್ಲಿಯೇ ಇರಬೇಕು.

ಧ್ವನಿವರ್ಧಕಗಳಿಲ್ಲದ ಅಂದಿನ ಕಚೇರಿಗಳಲ್ಲಿ ನಾಲ್ಕು ತಂತಿಗಳ ನಾದ ಹಿಂದೆ ಕುಳಿತವರನ್ನು ತಲುಪುವುದು ಕಷ್ಟವಾಗಿತ್ತು. ಚೌಡಯ್ಯನವರು ಇನ್ನೂ ಮೂರು ತಂತಿಗಳನ್ನು ಜೋಡಿಸಿದರು. ಇದು ಸುಲಭಸಾಧ್ಯವಲ್ಲ. ಒಂದೇ ಬೆರಳಿನಡಿಯಲ್ಲಿ ಎರಡು ತಂತಿಗಳು ಶ್ರುತಿಶುದ್ಧವಾಗಿ ನುಡಿಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ ಇಮ್ಮಡಿಯಾಗಿ ಕೇಳುತ್ತದೆ. ಸಂಪ್ರದಾಯಸ್ಥರ ಆಕ್ಷೇಪಣೆಯೂ ಬಂದಿತು. ಧ್ವನಿವರ್ಧಕಗಳು ಬಂದ ಮೇಲೂ ಅವರು ಆ ವಾದ್ಯವನ್ನು ಕೈಬಿಡಲಿಲ್ಲ. ಅವರಿಗೆ ಬೇಕಾಗಿದ್ದುದು ಬರಿಯ ಗಟ್ಟಿಧ್ವನಿಯಲ್ಲ, ನಾದದ ತುಂಬುತನ ಎಂದೇ ನನ್ನ ಭಾವನೆ.

ನಮ್ಮ ಕೇರಳದವರೇ ಆದ ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠಕ್ಕೆ ಈ ಪಿಟೀಲು ಹೇಳಿಮಾಡಿಸಿದ ಜೊತೆ. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗವೂ ಸೇರಿದರೆ ರಸಿಕರಿಗೆ ಹಬ್ಬ. ಹಳೆಯ ಧ್ವನಿಮುದ್ರಣಗಳ ಕರಕರ ಸದ್ದಿನ ನಡುವೆಯೂ, ಭಾಗವತರು ಉಸಿರು ತೆಗೆದುಕೊಳ್ಳುವೆಡೆ ಪಿಟೀಲು ಆ ಸಾಲನ್ನು ಎತ್ತಿಕೊಂಡು ಮುಂದೆ ನಡೆಸುವುದನ್ನು ಗಮನಿಸಬಹುದು. ಪಕ್ಕವಾದ್ಯವೆಂದರೆ ಹಿಂದೆ ನಿಲ್ಲುವುದಷ್ಟೇ ಅಲ್ಲ.

1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. 1967ರ ಜನವರಿ 19ರಂದು ಅವರು ನಿಧನರಾದರು. ಅವರೇ ನಿರ್ಮಿಸಿದ 1943ರ ‘ವಾಣಿ’ ಚಲನಚಿತ್ರದಲ್ಲಿ ಚೆಂಬೈಯವರೊಡನೆ ಅವರು ನುಡಿಸುವ ಕಚೇರಿಯ ದೃಶ್ಯವಿದೆ.