ಕೊಕೊ ಶನೆಲ್

ಗ್ಯಾಬ್ರಿಯೆಲ್ ಶನೆಲ್ (ಆಗಸ್ಟ್ 19, 1883 – ಜನವರಿ 10, 1971) ಫ್ರಾನ್ಸಿನ ಹೆಸರಾಂತ ವಸ್ತ್ರವಿನ್ಯಾಸಕಿ ಹಾಗೂ ಉದ್ಯಮಿ. ಕೊಕೊ ಶನೆಲ್ ಎಂದೇ ಪ್ರಸಿದ್ಧರು. ದುಡಿಯುವವರ, ನಾವಿಕರ ಮತ್ತು ರೈತರ ಉಡುಪುಗಳಲ್ಲಿದ್ದ ಸರಳತೆಯನ್ನು ಸಿರಿವಂತ ಮಹಿಳೆಯರ ಉಡುಪಿಗೆ ತಂದ ಕೀರ್ತಿ ಇವರದು. ಎರಡನೆಯ ಮಹಾಯುದ್ಧದ ಕಾಲದ ಇವರ ನಡೆ ತೀವ್ರ ಟೀಕೆಗೆ ಒಳಗಾಗಿದೆ.

ಬಾಲ್ಯ

ಶನೆಲ್ ಸೊಮ್ಯೂರ್ ಪಟ್ಟಣದ ಧರ್ಮಾಸ್ಪತ್ರೆಯೊಂದರಲ್ಲಿ ಜನಿಸಿದರು. ತಾಯಿ ಜಾನ್ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದರು. ತಂದೆ ಆಲ್ಬರ್ ಊರೂರು ಅಲೆದು ಕೂಲಿಕಾರರ ಉಡುಪುಗಳನ್ನು ಮಾರುತ್ತಿದ್ದರು. 1895ರಲ್ಲಿ ತಾಯಿ ತೀರಿಕೊಂಡ ಮೇಲೆ ಶನೆಲ್ ಒಬಾಜಿನ್ ಎಂಬಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಅನಾಥಾಲಯದಲ್ಲಿ ಬೆಳೆದು, ಅಲ್ಲಿಯೇ ಹೊಲಿಗೆ ಕಲಿತರು. ಅನಂತರ ಸೇನಾ ನೆಲೆಯಿದ್ದ ಮೂಲಾಂ ಪಟ್ಟಣದಲ್ಲಿ ಹಗಲು ಹೊಲಿಗೆ ಮಾಡುತ್ತ, ರಾತ್ರಿ ಅಶ್ವದಳದ ಅಧಿಕಾರಿಗಳು ಬರುತ್ತಿದ್ದ ಕೆಫೆಯಲ್ಲಿ ಹಾಡುತ್ತಿದ್ದರು. ಕೊಕೊ ಎಂಬ ಅಡ್ಡಹೆಸರು ಬಂದದ್ದು ಆ ದಿನಗಳಲ್ಲಿ.

ವೃತ್ತಿಜೀವನ

ಇಂಗ್ಲೆಂಡಿನ ಶ್ರೀಮಂತ ಸ್ನೇಹಿತ ಆರ್ಥರ್ ಕೇಪೆಲ್ ಅವರ ಹಣದ ನೆರವಿನಿಂದ 1910ರಲ್ಲಿ ಪ್ಯಾರಿಸ್ಸಿನ ಕಾಂಬೋಂ ಬೀದಿಯಲ್ಲಿ ಟೋಪಿ ಅಂಗಡಿ ತೆರೆದರು. 1913ರಲ್ಲಿ ಕಡಲತೀರದ ದೋವಿಲ್‌ನಲ್ಲಿ, 1915ರಲ್ಲಿ ಬಿಯಾರಿಟ್ಜ್‌ನಲ್ಲಿ ಮಳಿಗೆಗಳು ಆರಂಭವಾದವು. ಅಂದು ಮುಖ್ಯವಾಗಿ ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಜೆರ್ಸಿ ಬಟ್ಟೆಯಿಂದ ಶನೆಲ್ ಮಹಿಳೆಯರ ಉಡುಪು ಹೊಲಿಸಿದರು. ಬೆಲೆ ಕಡಿಮೆಯಿದ್ದ ಈ ಹೆಣೆದ ಬಟ್ಟೆ ಮೈಯ ಚಲನೆಗೆ ಒಗ್ಗುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋಗಿ, ಮಹಿಳೆಯರು ಹೊರಗಿನ ಕೆಲಸಗಳಿಗೆ ಇಳಿದಾಗ ಬಿಗಿಯಾದ ಕಾರ್ಸೆಟ್ ಇಲ್ಲದ ಸಡಿಲ ಉಡುಪಿಗೆ ಬೇಡಿಕೆ ಹೆಚ್ಚಿತು.

ನಾವಿಕರ ಅಡ್ಡಪಟ್ಟೆಯ ಅಂಗಿ ಮತ್ತು ಅಗಲ ಕಾಲಿನ ಷರಾಯಿ ಶನೆಲ್ ಅವರ ಮೂಲಕ ಮಹಿಳೆಯರ ಉಡುಪಾದವು. 1920ರ ದಶಕದ ಆರಂಭದಲ್ಲಿ ರಷ್ಯಾದ ರೈತರು ತೊಡುವ, ನಡುಪಟ್ಟಿಯುಳ್ಳ ಅಂಗಿಯನ್ನು ಅನುಸರಿಸಿದ ಉಡುಪುಗಳನ್ನು ರೂಪಿಸಿದರು. ಅವುಗಳ ಕಸೂತಿಯನ್ನು ಕ್ರಾಂತಿಯ ನಂತರ ದೇಶ ತೊರೆದು ಬಂದಿದ್ದ ರಷ್ಯಾದ ರಾಜಕುಮಾರಿ ಮಾರಿಯಾ ಪಾವ್ಲೊವ್ನಾ ಅವರ ಕಿಟ್ಮಿರ್ ಸಂಸ್ಥೆ ಮಾಡುತ್ತಿತ್ತು. ಸ್ಕಾಟ್ಲೆಂಡಿನ ಗಂಡಸರು ಬೇಟೆಗೆ ತೊಡುತ್ತಿದ್ದ ಒರಟು ಉಣ್ಣೆಯ ಟ್ವೀಡ್ ಬಟ್ಟೆಯೂ ಇವರ ವಿನ್ಯಾಸಗಳಲ್ಲಿ ಸೇರಿತು. 1921ರಲ್ಲಿ ಬಂದ ಐದನೆಯ ಸಂಖ್ಯೆಯ ಸುಗಂಧದ್ರವ್ಯ ಮತ್ತು 1926ರ ಸರಳವಾದ ಕಪ್ಪು ಉಡುಪು ಇವರ ಖ್ಯಾತಿಯನ್ನು ಹೆಚ್ಚಿಸಿದವು. ದುಡಿಮೆಗಾರರಿಂದ ಪಡೆದ ಈ ಸರಳ ರೂಪಗಳು ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದವು.

ಎರಡನೆಯ ಮಹಾಯುದ್ಧ

1939ರಲ್ಲಿ ಯುದ್ಧ ಆರಂಭವಾದಾಗ ಶನೆಲ್ ತಮ್ಮ ವಸ್ತ್ರಸಂಸ್ಥೆಯನ್ನು ಮುಚ್ಚಿದರು. ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನ ರಿಟ್ಜ್ ಹೋಟೆಲಿನಲ್ಲಿ ವಾಸವಾಗಿದ್ದ ಇವರಿಗೆ ಜರ್ಮನ್ ಅಧಿಕಾರಿ ಡಿಂಕ್ಲಾಗೆ ಅವರೊಡನೆ ನಿಕಟ ಸಂಬಂಧವಿತ್ತು. ಸುಗಂಧದ್ರವ್ಯ ಕಂಪನಿಯ ಪಾಲುದಾರರಾದ ವರ್ಟ್‌ಹೈಮರ್ ಕುಟುಂಬದವರು ಯೆಹೂದ್ಯರಾಗಿದ್ದರು. 1941ರಲ್ಲಿ ಯೆಹೂದ್ಯವಿರೋಧಿ ಕಾನೂನುಗಳನ್ನು ಬಳಸಿ ಕಂಪನಿಯನ್ನು ಪಡೆಯಲು ಶನೆಲ್ ಯತ್ನಿಸಿದರು. ಅದು ಫಲಿಸಲಿಲ್ಲ. ಜರ್ಮನ್ ಬೇಹುಗಾರಿಕೆ ಸಂಸ್ಥೆಯ ಕಡತಗಳಲ್ಲಿಯೂ ಇವರ ಹೆಸರಿದೆ. 1944ರಲ್ಲಿ ವಿಚಾರಣೆಗೆ ಒಳಗಾಗಿ ಬಿಡುಗಡೆಯಾದ ಬಳಿಕ ಸ್ವಿಟ್ಜರ್ಲೆಂಡಿಗೆ ತೆರಳಿದರು.

ಮರುಪ್ರವೇಶ ಮತ್ತು ನಿಧನ

1954ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಶನೆಲ್ ಮತ್ತೆ ವಸ್ತ್ರವಿನ್ಯಾಸ ಕ್ಷೇತ್ರಕ್ಕೆ ಮರಳಿದರು. ಫ್ರೆಂಚ್ ಪತ್ರಿಕೆಗಳು ಮೆಚ್ಚದಿದ್ದರೂ ಅಮೆರಿಕದ ಮಹಿಳೆಯರು ಇವರ ಉಡುಪುಗಳನ್ನು ಸ್ವಾಗತಿಸಿದರು. ಕೊರಳಪಟ್ಟಿಯಿಲ್ಲದ ಟ್ವೀಡ್ ಕೋಟು ಈ ಅವಧಿಯ ಮುಖ್ಯ ಕೊಡುಗೆ. ಕೋಟು ನೇರವಾಗಿ ಇಳಿಬೀಳಲೆಂದು ಅದರ ಅಂಚಿನ ಒಳಗೆ ಲೋಹದ ಸರಪಳಿ ಹೊಲಿಯುತ್ತಿದ್ದರು. 1955ರಲ್ಲಿ ಹೆಗಲಿಗೆ ತೂಗುಹಾಕುವ ಕೈಚೀಲವನ್ನು ಹೊರತಂದರು. 1971ರಲ್ಲಿ ರಿಟ್ಜ್ ಹೋಟೆಲಿನಲ್ಲಿ ನಿಧನರಾದರು. ಇವರ ಸಮಾಧಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿದೆ.